ನಮ್ಮ ಮನೆಯ ಕಿವಿಗಳ ಲೆಕ್ಕ

ನಮ್ಮಕ್ಕನ ಮದುವೆಗೆ ಊರಲ್ಲಿ ಯಾರೂ ತಕರಾರು ಎತ್ತಿರಲಿಲ್ಲ. ಮದುವೆಯಾಗಿ ಎಷ್ಟೋ ವರ್ಷ ಕಳೆದ ಮೇಲೆ ತಕರಾರು ಎತ್ತಿದ್ದು ಬೆಂಗಳೂರಿನ ಒಂದು ಕಂಪ್ಯೂಟರು.

ತೊಂಬತ್ತರ ದಶಕದ ನಡುವಿನ ಮಾತು. ಬೆಂಗಳೂರಿನ ಒಂದು ಸಂಶೋಧನಾ ಸಂಸ್ಥೆಯಲ್ಲಿ ನಾನು ಪಿಎಚ್.ಡಿ. ಮಾಡುತ್ತಿದ್ದೆ. ವಿಷಯ ಏನು ಎಂದು ನಮ್ಮೂರು ದೊಡ್ಡಬಳ್ಳಾಪುರದಲ್ಲಿ ಯಾರಾದರೂ ಕೇಳಿದರೆ ನನಗೆ ರೇಗುತ್ತಿತ್ತು. ಅಷ್ಟುದ್ದ ವಿವರಿಸಿದ ಮೇಲೂ ಅವರು, "ಅಂದ್ರೆ ಡಾಕ್ಟರಾ, ಕಂಪ್ಯೂಟರಾ? ಎರಡ್ರಲ್ಲಿ ಒಂದು ಹೇಳವ್ವ" ಎನ್ನುತ್ತಿದ್ದರು. ಎರಡೂ ಹೌದು, ಎರಡೂ ಅಲ್ಲ. ಒಂದು ಮನೆತನದಲ್ಲಿ ಒಂದು ಕಾಯಿಲೆಯೋ ಊನವೋ ಯಾರಿಗೆ ಬಂದಿದೆ, ಯಾರಿಗೆ ಬಂದಿಲ್ಲ ಎಂದು ವಂಶವೃಕ್ಷ ಬರೆದುಕೊಳ್ಳುವುದು. ಅದು ರಕ್ತದಲ್ಲಿ ಇಳಿದುಬಂದದ್ದೋ, ಹೊರಗಿನಿಂದ ಬಂದದ್ದೋ ಎಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಇಷ್ಟೇ ನನ್ನ ಕೆಲಸ. ಇಷ್ಟನ್ನು ಮಾಡಲು ಯಾಕೆ ಅಷ್ಟು ವರ್ಷ ಬೇಕು ಎಂದು ಅಪ್ಪ ಕೇಳುತ್ತಿದ್ದರು. ನನ್ನನ್ನು ನಾನೂ ಕೇಳಿಕೊಳ್ಳುತ್ತಿದ್ದೆ.

ಲೆಕ್ಕ ಮಾಡುವ ಪ್ರೋಗ್ರಾಮು ಹೊರದೇಶದಿಂದ ಫ್ಲಾಪಿಯಲ್ಲಿ ಬಂದಿತ್ತು. ಅದಕ್ಕೆ ಮೊದಲು ನಮ್ಮ ಮನೆಯವರನ್ನೇ ತುಂಬಿಸಿದೆ. ಅಜ್ಜಿ, ಅವಳ ಮಕ್ಕಳು, ಮೊಮ್ಮಕ್ಕಳು ಎಂದು ಒಬ್ಬೊಬ್ಬರಿಗೂ ಒಂದೊಂದು ಸಂಖ್ಯೆ ಕೊಟ್ಟು ಕೀಲಿ ಒತ್ತಿದರೆ ತೆರೆಯ ಮೇಲೆ ಇಂಗ್ಲಿಷಿನಲ್ಲಿ ಒಂದು ಸಾಲು ಬಂತು. ಒಬ್ಬ ವ್ಯಕ್ತಿ ಎರಡು ಕಡೆ ಬಂದಿದ್ದಾನೆ, ಮಾಹಿತಿ ತಪ್ಪು ಎಂದು ಅದರ ಅರ್ಥ. ಮತ್ತೆ ಟೈಪ್ ಮಾಡಿದೆ. ಮತ್ತೆ ಅದೇ ಸಾಲು. ಆಮೇಲೆ ಹೊಳೆದು ಒಬ್ಬಳೇ ನಕ್ಕೆ. ಅಕ್ಕ ಮದುವೆಯಾಗಿದ್ದು ನಮ್ಮ ಸೋದರಮಾವನನ್ನು, ಅಂದರೆ ಅಮ್ಮನ ಕೊನೆಯ ತಮ್ಮನನ್ನು. ನಮ್ಮ ಕಡೆ ಅದರಲ್ಲಿ ಹೊಸದೇನೂ ಇಲ್ಲ. ಹುಡುಗಿ ಬೇರೆ ಮನೆಗೆ ಹೋಗುವುದಿಲ್ಲ, ಅಜ್ಜಿಯೇ ಅತ್ತೆಯಾಗುತ್ತಾಳೆ ಎಂದು ಹಿರಿಯರಿಗೆ ಸಮಾಧಾನ. ಆದರೆ ಆ ಪ್ರೋಗ್ರಾಮು ಬರೆದ ಪುಣ್ಯಾತ್ಮರಿಗೆ ಪ್ರಪಂಚದಲ್ಲಿ ಹೀಗೂ ಉಂಟು ಎಂಬುದು ಗೊತ್ತಿರಲಿಲ್ಲ.

ನನ್ನ ಗೈಡು ಭೌತಶಾಸ್ತ್ರ ಓದಿ ಜೀವಶಾಸ್ತ್ರಕ್ಕೆ ಬಂದವರು. ತಮಿಳು ಮನೆಮಾತು, ಆದರೆ ಕನ್ನಡದಲ್ಲಿ ತಮಾಷೆ ಮಾಡುವಷ್ಟು ಪಳಗಿದ್ದರು. ತೆರೆಯ ಮೇಲಿನ ಸಾಲು ಓದಿ, ಕುರ್ಚಿ ಎಳೆದುಕೊಂಡು ಕೂತು, "ಭೇಷ್! ಹಂಗಾದ್ರೆ ನಿಮ್ಮ ಮಾವನ್ನ ಎರಡು ತುಂಡು ಮಾಡ್ಬೇಕಲ್ಲಮ್ಮ" ಎಂದರು. ನಾನು ಕಣ್ಣು ಕಣ್ಣು ಬಿಟ್ಟೆ. ಅವರು ಹೇಳಿದ ಉಪಾಯ ಸರಳವಾಗಿತ್ತು. ಅಜ್ಜಿಯ ಮಗನಾದ ಮಾವ ಒಬ್ಬ, ಅಕ್ಕನ ಗಂಡನಾದ ಮಾವ ಇನ್ನೊಬ್ಬ ಎಂದು ಕಂಪ್ಯೂಟರಿಗೆ ಸುಳ್ಳು ಹೇಳಬೇಕು. ಹೇಳಿ, ಆ ಒಬ್ಬನ ರಕ್ತದಲ್ಲಿ ಏನಿದೆಯೋ ಈ ಇನ್ನೊಬ್ಬನ ರಕ್ತದಲ್ಲೂ ಅದೇ ಇರಬೇಕು ಎಂದು ಕಟ್ಟುಹಾಕಬೇಕು. ಹೇಳಲು ಸುಲಭ, ಪ್ರೋಗ್ರಾಮು ತಿದ್ದಿ ಬರೆಯಲು ನನಗೆ ಆ ಮಳೆಗಾಲವೆಲ್ಲ ಹಿಡಿಯಿತು. ಆದರೆ ಅಂಥ ಮಳೆಗಾಲ ನನ್ನ ಜೀವನದಲ್ಲಿ ಮತ್ತೆ ಬರಲಿಲ್ಲ. ಊಟದ ತಟ್ಟೆಯ ಮುಂದೆ ಕೂತರೂ ತಲೆಯಲ್ಲಿ ಮಾವ ಎರಡಾಗಿ ಓಡಾಡುತ್ತಿದ್ದ.

ಇಷ್ಟಕ್ಕೂ ಮೊದಲು ನಮ್ಮ ಮನೆಯವರನ್ನೇ ಯಾಕೆ ತುಂಬಿಸಿದೆ ಎಂದು ಹೇಳಬೇಕು. ಅಕ್ಕನ ಮಗಳು, ನಾವೆಲ್ಲ ಪುಟ್ಟಿ ಎಂದು ಕರೆಯುತ್ತಿದ್ದವಳು, ಹುಟ್ಟಿನಿಂದಲೇ ಕಿವುಡಿ.

ಅದು ನಮಗೆ ಗೊತ್ತಾಗಿದ್ದು ಅವಳಿಗೆ ಮೂರೂವರೆ ತುಂಬಿದ ಮೇಲೆ. ಬೇರೆಯವರಿಗೆ ಹೇಳಿದರೆ ನಂಬುವುದಿಲ್ಲ. ಪವರ್‌ಲೂಮ್ ಮನೆಯವರು ಮಾತ್ರ ನಂಬುತ್ತಾರೆ. ಮಾವನ ಮನೆಯಲ್ಲಿ ಮುಂದೆ ಒಂದು ಕೋಣೆ, ಹಿಂದೆ ಸಾಲಾಗಿ ಮಗ್ಗಗಳು. ಕರೆಂಟು ಇರುವಷ್ಟು ಹೊತ್ತೂ ಆ ಸದ್ದಿನಲ್ಲಿ ಯಾರ ಮಾತು ಯಾರಿಗೂ ಕೇಳುವುದಿಲ್ಲ. ತುಟಿ ನೋಡಿ ತಿಳಿದುಕೊಳ್ಳಬೇಕು, ಇಲ್ಲವೇ ಕೈಸನ್ನೆ ಮಾಡಬೇಕು. ಎಳೆ ಹರಿದಿದೆ ಎನ್ನಲು ಒಂದು ಸನ್ನೆ, ಊಟಕ್ಕೆ ಬಾ ಎನ್ನಲು ಒಂದು, ಸೀರೆ ವ್ಯಾಪಾರಿ ಬಂದಿದ್ದಾನೆ ಎನ್ನಲು ಮೀಸೆ ತಿರುವುವ ಸನ್ನೆ. ಆ ಮನೆಯಲ್ಲಿ ಹುಟ್ಟಿದ ಮಗು ಮಾತಾಡದೆ ಸನ್ನೆ ಮಾಡಿದರೆ ಯಾರಿಗೆ ಅನುಮಾನ ಬರುತ್ತದೆ? "ಎಷ್ಟು ಚುರುಕು ನೋಡು, ಈಗ್ಲೇ ಮಗ್ಗದವರ ಥರ ಮಾತಾಡ್ತಾಳೆ" ಎಂದು ಹೆಮ್ಮೆಪಟ್ಟವರೇ ಎಲ್ಲ. ನಾನೂ ಪಟ್ಟಿದ್ದೆ. ಕೊನೆಗೆ ಅಂಗನವಾಡಿಯ ಟೀಚರು, "ಹಿಂದಿನಿಂದ ಕರೆದ್ರೆ ಮಗು ತಿರುಗೋದೇ ಇಲ್ಲ ಕಣ್ರೀ" ಎಂದ ಮೇಲೆ ಬೆಂಗಳೂರಿಗೆ ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿದ್ದು. ಹುಟ್ಟುವಾಗಲೇ ಕಿವಿ ಹೀಗೇ ಇತ್ತು ಎಂದರು ಡಾಕ್ಟರು. ಯಾಕೆ ಎಂದು ಕೇಳಿದರೆ ಕೈ ಅಲ್ಲಾಡಿಸಿದರು.

ಡಾಕ್ಟರಿಗೆ ಗೊತ್ತಿಲ್ಲದ ಕಾರಣ ಅಜ್ಜಿಗೆ ಗೊತ್ತಿತ್ತು. ಬಸ್ಸಿಳಿದು ಮನೆಗೆ ಬರುವಷ್ಟರಲ್ಲಿ ಅವಳು ತೀರ್ಮಾನಿಸಿಬಿಟ್ಟಿದ್ದಳು. "ಬಸುರಿ ಹೆಂಗಸು ದಿನವೆಲ್ಲಾ ಮಗ್ಗದ ಮುಂದೆ ನಿಂತ್ಕೊಂಡ್ರೆ ಹೊಟ್ಟೇಲಿರೋ ಮಗಿನ ಕಿವಿ ಉಳಿಯುತ್ತಾ? ಬಡ್ಕೊಂಡೆ, ಕೇಳ್ಲಿಲ್ಲ." ಅಜ್ಜಿ ಇದನ್ನು ಒಂದು ಸಲ ಹೇಳಿ ಸುಮ್ಮನಾಗಲಿಲ್ಲ. ನೆಂಟರು ಬಂದರೆ ಹೇಳಿದಳು, ನಲ್ಲಿಯ ಹತ್ತಿರ ಹೇಳಿದಳು, ಪುಟ್ಟಿಯ ತಲೆ ಬಾಚುತ್ತಾ ಅವಳಿಗೂ ಹೇಳಿದಳು. ನಮ್ಮ ಬೀದಿಯ ಹೆಂಗಸರೆಲ್ಲ ಬಸುರಿಯಾಗಿ ಮಗ್ಗದ ಮುಂದೆ ನಿಂತವರೇ, ಅವರ ಮಕ್ಕಳೆಲ್ಲ ಕಿವಿ ನೆಟ್ಟಗಿದ್ದು ಬೀದಿಯಲ್ಲಿ ಕುಣಿಯುತ್ತಿದ್ದವು. ಹಾಗಿದ್ದೂ ಒಬ್ಬಳಾದರೂ, ಹಂಗೇನಿಲ್ಲ ಬಿಡಮ್ಮ ಎನ್ನಲಿಲ್ಲ. ಅದನ್ನು ನೆನೆದರೆ ಈಗಲೂ ನನಗೆ ಹೊಟ್ಟೆ ಉರಿಯುತ್ತದೆ.

ಅಕ್ಕ ತಿರುಗಿ ಮಾತಾಡುವವಳಲ್ಲ. ನನಗೆ ಸಿಗಬೇಕಾದ ತಾಳ್ಮೆಯೂ ಅವಳಿಗೇ ಹೋಗಿತ್ತು ಎಂದು ಅಮ್ಮ ಹೇಳುತ್ತಿದ್ದಳು. ಆದರೆ ಪುಟ್ಟಿಗೆ ಐದಾದಾಗ ಅಕ್ಕ ಮತ್ತೆ ಬಸುರಿಯಾದಳು. ಆ ಸಲ ಊರಿಗೆ ಹೋದಾಗ ಹಿತ್ತಿಲಲ್ಲಿ ಬಟ್ಟೆ ಹರವುತ್ತಿದ್ದವಳು ನನ್ನನ್ನು ಹತ್ತಿರ ಕರೆದಳು.

"ನೀನು ಓದ್ತಿರೋದು ಇದನ್ನೇ ತಾನೆ?"

"ಇದನ್ನೇ ಅಂತಲ್ಲ, ಇಂಥದ್ದನ್ನ."

"ಹಂಗಾದ್ರೆ ಒಂದು ಹೇಳು. ನಾನು ಮಗ್ಗದ ಹತ್ರ ನಿಂತಿದ್ದಕ್ಕೇ ಹಿಂಗಾಯ್ತಾ? ಹೌದಾದ್ರೆ ಹೌದು ಅನ್ನು, ಇಲ್ಲಾಂದ್ರೆ ಇಲ್ಲ ಅನ್ನು. ಸುಮ್ನೆ ಸಮಾಧಾನ ಮಾತ್ರ ಹೇಳ್ಬೇಡ ಕಣೇ, ನಿನ್ನ ಕಾಲಿಗೆ ಬೀಳ್ತೀನಿ."

ಸಮಾಧಾನ ಹೇಳಬೇಕೆಂದು ನಾಲಿಗೆ ತುದಿಗೆ ಬಂದಿತ್ತು. ನುಂಗಿಕೊಂಡೆ. ನನಗೆ ನಿಜವಾಗಿ ಗೊತ್ತಿರಲಿಲ್ಲ. ಸಮಾಧಾನದ ಮಾತು ಬೇರೆ, ಗೊತ್ತಿರುವ ಮಾತು ಬೇರೆ. ಅಕ್ಕ ಕೇಳಿದ್ದು ಎರಡನೆಯದು. ನೋಡ್ತೀನಿ ಎಂದೆ. ಬೆಂಗಳೂರಿಗೆ ವಾಪಸು ಹೋಗುವ ಬಸ್ಸಿನಲ್ಲಿ ಯಲಹಂಕ ಬರುವವರೆಗೂ ಕಿಟಕಿಯಾಚೆ ಏನೂ ಕಾಣಲಿಲ್ಲ.

ಗೈಡಿಗೆ ಹೇಳಿದೆ. ತಮ್ಮ ಮನೆಯವರ ಮೇಲೆ ತಾವೇ ಲೆಕ್ಕ ಮಾಡುವಾಗ ಬೇಕಾದ ಉತ್ತರದ ಕಡೆಗೆ ಕೈ ಎಳೆಯುತ್ತದೆ, ಎಚ್ಚರ ಎಂದರು. ಒಂದೇ ಮನೆ ಸಾಲದು, ನೆಂಟರಿಷ್ಟರ ಮನೆಗಳೆಲ್ಲ ಬೇಕು ಎಂದರು. ಸರಿ, ವಾರದ ಕೊನೆಯಲ್ಲಿ ಊರಿಗೆ ಬಂದು ನೆಂಟರ ಮನೆಗಳಿಗೆ ತಿರುಗಲು ಶುರುಮಾಡಿದೆ. ಹೋದಲ್ಲೆಲ್ಲ ಕಾಫಿ, ಮದುವೆ ಯಾವಾಗ ಎಂಬ ಪ್ರಶ್ನೆ, ಆಮೇಲೆ ನನ್ನ ಪ್ರಶ್ನೆ.

"ನಿಮ್ಮನೇಲಿ ಕಿವಿ ಕೇಳದವರು ಯಾರಾದ್ರೂ ಇದ್ದಾರಾ?"

"ಆಂ?"

"ಕಿವಿ! ಕಿವಿ ಕೇಳದವರು!"

"ಯಾರೂ ಇಲ್ಲ ಬಿಡವ್ವ, ದೇವರು ದೊಡ್ಡೋನು!"

ಹೀಗೆ ಕಿರುಚಿ ಹೇಳಿದವರಿಗೆ ಅರ್ಧ ಮಾತು ಕೇಳುತ್ತಿರಲಿಲ್ಲ! ತಪ್ಪು ಅವರದಲ್ಲ. ನಲವತ್ತು ದಾಟಿದ ಮೇಲೆ ಕಿವಿ ಮಂದವಾಗುವುದು ನಮ್ಮ ಬೀದಿಯಲ್ಲಿ ಕೂದಲು ನರೆಯುವಷ್ಟೇ ಸಾಮಾನ್ಯ. ಅದನ್ನು ಯಾರೂ ಕಿವುಡು ಎಂದು ಕರೆಯುತ್ತಿರಲಿಲ್ಲ. ಇವರನ್ನು ಕೇಳಿ ಪ್ರಯೋಜನವಿಲ್ಲ ಎಂದುಕೊಂಡು ನಾನೇ ಪರೀಕ್ಷೆಗಿಳಿದೆ. ಮಗ್ಗ ನಿಂತ ಹೊತ್ತಿನಲ್ಲಿ ಹಿಂದೆ ನಿಂತು, ನನ್ನ ಕೈಗಡಿಯಾರವನ್ನು ಅವರ ಕಿವಿಯ ಪಕ್ಕ ಹಿಡಿದು, ಟಿಕ್ ಟಿಕ್ ಕೇಳಿದರೆ ಕೈಯೆತ್ತಿ ಎನ್ನುತ್ತಿದ್ದೆ. ಒಬ್ಬ ದೊಡ್ಡಪ್ಪ ಗಡಿಯಾರ ಹಿಡಿಯುವ ಮೊದಲೇ ಕೈಯೆತ್ತಿದರು. ಯಾಕೆಂದರೆ ಎದುರಿಗೆ ಕೂತ ದೊಡ್ಡಮ್ಮ ಕಣ್ಣುಸನ್ನೆ ಮಾಡುತ್ತಿದ್ದಳು. ಗಂಡ ನಪಾಸಾಗಬಾರದಲ್ಲ! ಅಜ್ಜಿಯನ್ನೂ ಪರೀಕ್ಷೆ ಮಾಡಿದೆ. ಅವಳಿಗೆ ಗಡಿಯಾರ ಕೇಳಲಿಲ್ಲ. "ನಿನ್ನ ಗಡಿಯಾರ ಕೆಟ್ಟೋಗಿದೆ" ಎಂದು ಎದ್ದುಹೋದಳು.

ಗಡಿಯಾರ ಕೇಳದವರನ್ನೆಲ್ಲ ಕಿವುಡರು ಎಂದು ಗುರುತು ಹಾಕಿದೆ. ಮಾವನ ಮನೆಯಲ್ಲಿ ಸೀರೆಯ ಡಿಸೈನು ಬರೆಯಲು ಇಟ್ಟಿದ್ದ ಚೌಕುಳಿ ಕಾಗದದ ಮೇಲೆ ವಂಶವೃಕ್ಷ ಬರೆದಿದ್ದೆ. ಗುರುತು ಹಾಕಿ ಮುಗಿಸಿದಾಗ ಅರ್ಧ ಹಾಳೆ ಕಪ್ಪಾಗಿತ್ತು. ಕಂಪ್ಯೂಟರಿಗೆ ಕೊಟ್ಟರೆ ಅದು ಹೌದೆನ್ನಲೂ ಇಲ್ಲ, ಇಲ್ಲವೆನ್ನಲೂ ಇಲ್ಲ. ರಕ್ತದ್ದೂ ಇರಬಹುದು, ಏನೂ ಇಲ್ಲದೆಯೂ ಇರಬಹುದು ಎಂಬ ಉತ್ತರ. ಗೈಡು ಹಾಳೆಯನ್ನು ದೂರ ಹಿಡಿದು ನೋಡಿ, "ಏನಮ್ಮಾ, ನಿಮ್ಮೂರಲ್ಲಿ ಎಲ್ಲರೂ ಕಿವುಡ್ರಾ?" ಎಂದರು.

"ಮಗ್ಗ ಓಡುವಾಗ ಹೌದು ಸರ್" ಎಂದೆ.

ತಮಾಷೆಗೆ ಹೇಳಿದ ಮಾತು. ಹೇಳಿ ಹತ್ತು ಹೆಜ್ಜೆ ಹೋಗುವಷ್ಟರಲ್ಲಿ ಹಣೆ ಚಚ್ಚಿಕೊಂಡೆ. ಥೂ, ಎಂಥಾ ಪೆದ್ದಿ ನಾನು! ಮಗ್ಗದ ಸದ್ದಿಗೆ ನಿಧಾನವಾಗಿ ಹೋದ ಕಿವಿಯನ್ನೂ ಹುಟ್ಟುತ್ತಲೇ ಇಲ್ಲದ ಕಿವಿಯನ್ನೂ ಒಂದೇ ಗುರುತಿನಲ್ಲಿ ಕಲಸಿಬಿಟ್ಟಿದ್ದೆ. ಬೇರೆ ಊರಿನವರಾಗಿದ್ದರೆ ಮೊದಲ ದಿನವೇ ಇದನ್ನು ಕಾಣುತ್ತಿದ್ದರೋ ಏನೋ. ಆ ಸದ್ದಿನಲ್ಲೇ ಹುಟ್ಟಿ ಬೆಳೆದ ನನಗೆ ಅದು ಸದ್ದೇ ಆಗಿರಲಿಲ್ಲ. ಹಾಗಾದರೆ ಮಗ್ಗವೇ ಇಲ್ಲದ ಕಡೆ ನಮ್ಮ ರಕ್ತದವರು ಯಾರಿದ್ದಾರೆ? ಅಲ್ಲಿ ಅವರ ಕಿವಿ ಹೇಗಿದೆ? ಈ ಪ್ರಶ್ನೆ ತಲೆಗೆ ಬಂದ ಮೇಲೆ ನನಗೆ ನಿಂತಲ್ಲಿ ನಿಲ್ಲಲಾಗಲಿಲ್ಲ.

ಅಂಥ ಒಂದು ಕವಲು ಇತ್ತು. ಅಜ್ಜಿಯ ತವರು ಸಾಸಲು. ಅವರೂ ನೇಯ್ಗೆಯವರೇ, ಆದರೆ ಅಜ್ಜಿ ಚಿಕ್ಕವಳಿದ್ದಾಗಲೇ ಕೈಮಗ್ಗ ಬಿಟ್ಟು ಹೊಲಕ್ಕೆ ಇಳಿದಿದ್ದರು. ಅಜ್ಜಿ ನಮ್ಮನ್ನು ಅಲ್ಲಿಗೆ ಕರೆದುಕೊಂಡು ಹೋಗಿದ್ದೇ ನೆನಪಿಲ್ಲ. ಹೋಗಿ ಬರ್ತೀನಿ ಎಂದಾಗ ಕಂಡಿಕೆಗೆ ನೂಲು ಸುತ್ತುತ್ತಿದ್ದವಳು ರಾಟೆ ನಿಲ್ಲಿಸಿದಳು.

"ಅಲ್ಲೇನಿದೆ ನೋಡಕ್ಕೆ? ಬರೀ ಕಲ್ಲು."

"ನಿಮ್ಮಣ್ಣನ ಮನೆಯವರಿಲ್ವಾ?"

"ಇದ್ದಾರೆ. ಅವರ ಪಾಡಿಗೆ ಅವರಿದ್ದಾರೆ. ಕೆಲಸ ಇಲ್ದೋರು ಹೋಗ್ಬೇಕು ಅಷ್ಟೆ."

ಅಜ್ಜಿ ತವರಿನ ಮಾತು ಬಂದರೆ ಮುಖ ಸಿಂಡರಿಸುವುದು ಯಾಕೆ ಎಂದು ಮೊದಲ ಸಲ ಕುತೂಹಲವಾಯಿತು. ಮರುದಿನವೇ ಬಸ್ಸು ಹತ್ತಿದೆ.

ಸಾಸಲಿನಲ್ಲಿ ಮನೆ ಹುಡುಕುವುದು ಕಷ್ಟವಾಗಲಿಲ್ಲ. ಅಜ್ಜಿಯ ಅಣ್ಣ ತೀರಿಹೋಗಿದ್ದರು. ಅವರ ಹೆಂಡತಿ, ನಾನು ದೊಡ್ಡಜ್ಜಿ ಎನ್ನಬೇಕಾದವಳು, ಜಗಲಿಯ ಮೇಲೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ನಾನು ಯಾರೆಂದು ಹೇಳಿಕೊಂಡೆ. ಅವಳು ನಗುತ್ತಾ ಎರಡೂ ಕಿವಿ ಮುಚ್ಚಿಕೊಂಡಳು.

"ಯಾಕವ್ವಾ ಹಂಗೆ ಕಿರುಚ್ತೀಯ? ನಮಗೇನು ಕಿವುಡಾ?"

ಆ ಊರು ಎಷ್ಟು ನಿಶ್ಶಬ್ದವಾಗಿತ್ತು ಎಂದರೆ ನನ್ನ ಗಂಟಲೇ ನನಗೆ ಅಸಹ್ಯವಾಯಿತು. ದನಿ ತಗ್ಗಿಸಿ ಮಾತಿಗೆ ಕೂತೆ. ಎಂಬತ್ತರ ಹತ್ತಿರದ ಮುದುಕಿ. ಗಡಿಯಾರ ಹಿಡಿದರೆ ಎರಡೂ ಕಿವಿಗೆ ಟಿಕ್ ಟಿಕ್ ಕೇಳಿತು. ಅಕ್ಕಪಕ್ಕದ ಮನೆಯ ಮುದುಕರಿಗೂ ಕೇಳಿತು. ಅಷ್ಟರಲ್ಲಿ ಹಿಪ್ಪುನೇರಳೆ ಸೊಪ್ಪಿನ ಹೊರೆ ಹೊತ್ತು ಐವತ್ತರ ಒಬ್ಬ ಗಂಡಸು ಒಳಗೆ ಬಂದ. ದೊಡ್ಡಜ್ಜಿಯ ಮಗ, ನನಗೆ ವರಸೆಯಲ್ಲಿ ಚಿಕ್ಕಪ್ಪ. ನಾನು ನಮಸ್ಕಾರ ಎಂದೆ. ಅವನು ನನ್ನ ಬಾಯಿಯನ್ನೇ ನೋಡಿ ನಕ್ಕು, ಊಟ ಆಯಿತಾ ಎಂದು ಕೈಯಲ್ಲಿ ಕೇಳಿದ.

"ಅವನಿಗೆ ಮಾತು ಬರಲ್ಲ ಕಣವ್ವಾ" ಎಂದಳು ದೊಡ್ಡಜ್ಜಿ. "ಹೊಟ್ಟೇಲಿದ್ದಾಗ ಸಿಡಿಲು ಬಡೀತು ಮರಕ್ಕೆ. ನಾನು ಹೊರಗಿದ್ದೆ. ಒಳಗೆ ಇರ್ಬೇಕಿತ್ತು."

"ಇನ್ಯಾರಾದ್ರೂ ಹಿಂಗೆ ಇದ್ರಾ ನಮ್ಮೋರಲ್ಲಿ?"

ಇದ್ದರು. ಅಜ್ಜಿಗೆ ಒಬ್ಬಳು ತಂಗಿ ಇದ್ದಳಂತೆ, ಮದುವೆಯಾಗದೆ ಇದೇ ಮನೆಯಲ್ಲಿ ತೀರಿಕೊಂಡವಳು, ಅವಳಿಗೂ ಕೇಳುತ್ತಿರಲಿಲ್ಲ. ಅವಳ ತಾಯಿ ಗ್ರಹಣದ ದಿನ ಅಂಗಳಕ್ಕೆ ಬಂದದ್ದು ಕಾರಣ. ಹಿಂದಿನ ತಲೆಮಾರಿನಲ್ಲಿ ಇನ್ನೊಬ್ಬ. ಅವನ ತಾಯಿ ಬಾಣಂತನದಲ್ಲಿ ತಣ್ಣೀರು ಮುಟ್ಟಿದ್ದು ಕಾರಣ. ಕೇಳುತ್ತಾ ಕೇಳುತ್ತಾ ನನಗೆ ಒಳಗೇ ಖುಷಿ ಉಕ್ಕುತ್ತಿತ್ತು. ಹುಡುಕಿದ್ದು ಸಿಕ್ಕಿದಾಗ ಆಗುವ ಖುಷಿ. ಅದರ ಜೊತೆಗೇ ಬೇಸರವೂ ಆಗುತ್ತಿತ್ತು. ಒಬ್ಬೊಬ್ಬ ಕಿವುಡರಿಗೂ ಒಂದೊಂದು ಬೇರೆ ಕಾರಣ, ಆದರೆ ಎಲ್ಲ ಕಾರಣವೂ ತಾಯಿಯ ತಪ್ಪೇ. ಸಿಡಿಲು ಬಡಿದರೂ ತಾಯಿಯದೇ ತಪ್ಪು! ದೊಡ್ಡಜ್ಜಿ ಐವತ್ತು ವರ್ಷದಿಂದ ಅದನ್ನು ಹೊತ್ತುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು.

ಅವಳು ಯಾರ ಮಗಳು, ಗಂಡನ ಕಡೆಗೆ ಮೊದಲೇ ನೆಂಟಸ್ತಿಕೆ ಇತ್ತಾ ಎಂದೆಲ್ಲ ಕೇಳಿದೆ. ಅವಳೂ ಗಂಡನಿಗೆ ಅತ್ತೆಯ ಮಗಳೇ. ಆ ಚಿಕ್ಕಪ್ಪ ಅಷ್ಟು ಹೊತ್ತಿಗೆ ನನಗೆ ರೇಷ್ಮೆಹುಳುವಿನ ತಟ್ಟೆಗಳನ್ನು ತೋರಿಸಲು ಕರೆಯುತ್ತಿದ್ದ. ಹೋಗಿ ನೋಡಿದೆ. ಸಾವಿರಾರು ಹುಳು ಸೊಪ್ಪು ತಿನ್ನುವ ಸದ್ದು ಸಣ್ಣ ಮಳೆಯ ಹಾಗೆ ಕೇಳುತ್ತಿತ್ತು. ಅವನಿಗೆ ಕೇಳದ ಆ ಸದ್ದನ್ನು ಹೇಗೆ ಹೇಳುವುದು ಎಂದು ತಿಳಿಯದೆ ಸುಮ್ಮನೆ ನಕ್ಕೆ.

ಬೆಂಗಳೂರಿಗೆ ಬಂದು ಹಾಳೆಯನ್ನು ಹೊಸದಾಗಿ ಬರೆದೆ. ದೊಡ್ಡವರಾದ ಮೇಲೆ ಮಗ್ಗದ ಮನೆಯಲ್ಲಿ ಕಿವಿ ಮಂದವಾದವರನ್ನು ಕಿವುಡರು ಎನ್ನಲಿಲ್ಲ, ಹುಟ್ಟಿದಾಗ ಕೇಳುತ್ತಿತ್ತು ಎಂದಷ್ಟೇ ಬರೆದೆ. ಹುಟ್ಟುತ್ತಲೇ ಕೇಳದವರನ್ನು ಮಾತ್ರ ಕಪ್ಪು ಮಾಡಿದೆ. ಕಂಪ್ಯೂಟರು ಗಲಾಟೆಯಿಲ್ಲದೆ ಎರಡು ತುಂಡಾದ ಮಾವನನ್ನು ಒಪ್ಪಿಕೊಂಡು ಲೆಕ್ಕ ಮುಗಿಸಿತು. ಈ ಸಲ ಉತ್ತರ ತಡಬಡಾಯಿಸಲಿಲ್ಲ. ಇದು ರಕ್ತದಲ್ಲಿ ಬಂದದ್ದೇ ಎನ್ನುವ ಕಡೆ ತಕ್ಕಡಿ ಪೂರ್ತಿ ವಾಲಿತ್ತು. ನನಗೆ ಬೇಕಾದ ಉತ್ತರದ ಕಡೆ ಕೈ ಎಳೆದಿದೆಯೋ ಎಂದು ಗೈಡು ಒಂದೊಂದು ಗುರುತನ್ನೂ ಕೆದಕಿ ಕೇಳಿದರು, ತಾವೇ ಇನ್ನೊಮ್ಮೆ ಲೆಕ್ಕ ಓಡಿಸಿದರು. ಉತ್ತರ ಬದಲಾಗಲಿಲ್ಲ.

ಲೆಕ್ಕದ ಸಾರ ಇಷ್ಟು. ಕಿವಿಯ ವಿಷಯದಲ್ಲಿ ಪ್ರತಿಯೊಬ್ಬರಿಗೂ ತಾಯಿಯಿಂದ ಒಂದು, ತಂದೆಯಿಂದ ಒಂದು ಎಂದು ಎರಡು ಪಾಲು ಬರುತ್ತವೆ. ಒಂದು ಪಾಲು ಕೆಟ್ಟಿದ್ದರೂ ಇನ್ನೊಂದು ಸರಿಯಿದ್ದರೆ ಕಿವಿ ಚೆನ್ನಾಗಿಯೇ ಕೇಳುತ್ತದೆ, ಯಾರಿಗೂ ಗೊತ್ತಾಗುವುದಿಲ್ಲ. ಎರಡೂ ಕೆಟ್ಟವೇ ಬಂದರೆ ಮಾತ್ರ ಮಗು ಕಿವುಡು. ಅಜ್ಜಿಯಲ್ಲಿ ಒಂದು ಕೆಟ್ಟ ಪಾಲು ಇತ್ತು. ಅದನ್ನು ಅವಳು ಮಗನಿಗೂ ಕೊಟ್ಟಳು, ಮಗಳಿಗೂ ಕೊಟ್ಟಳು. ಮಗಳು ಎಂದರೆ ನಮ್ಮಮ್ಮ. ಅವಳು ಅದನ್ನು ಅಕ್ಕನಿಗೆ ಕೊಟ್ಟಳು. ಆ ಮಗನಿಗೂ ಅಕ್ಕನಿಗೂ ಮದುವೆಯಾಗಿ, ಅಜ್ಜಿಯಿಂದ ಎರಡು ದಾರಿಯಲ್ಲಿ ಹೊರಟ ಒಂದೇ ಪಾಲು ಪುಟ್ಟಿಯಲ್ಲಿ ಬಂದು ಸೇರಿತು. ಮಗ್ಗಕ್ಕೂ ಇದಕ್ಕೂ ಸಂಬಂಧವಿಲ್ಲ. ಮುಂದಿನ ಮಗುವಿಗೂ ನಾಲ್ಕರಲ್ಲಿ ಒಂದು ಸಲ ಹೀಗಾಗುವ ಸಂಭವ, ಮೂರು ಸಲ ಆಗದಿರುವ ಸಂಭವ. ಅಮ್ಮನ ಆ ಪಾಲು ನನಗೂ ಬಂದಿರಬಹುದೇ? ಅದನ್ನು ತಿಳಿಯುವ ದಾರಿ ಆಗ ಇರಲಿಲ್ಲ. ಆದರೂ ಕನ್ನಡಿ ಮುಂದೆ ನಿಂತು ಕಿವಿ ಮುಟ್ಟಿ ನೋಡಿಕೊಂಡೆ, ಹುಚ್ಚಿಯ ಹಾಗೆ.

ಆ ಶನಿವಾರ ಮಧ್ಯಾಹ್ನ ಮಾವನ ಮನೆಗೆ ಹೋದಾಗ ಮಗ್ಗಗಳು ಓಡುತ್ತಿದ್ದವು. ಮಾವ ಹೊರಗೆ ಹೋಗಿದ್ದ, ಅಕ್ಕ ಹಿಂದೆ ಮಗ್ಗದ ಮನೆಯ ಬಾಗಿಲಲ್ಲಿ ನಿಂತು ಆಳುಗಳ ಕೆಲಸ ನೋಡುತ್ತಿದ್ದಳು. ಮಗ್ಗದ ಮುಂದೆ ಹೋಗಬಾರದೆಂದು ಅಜ್ಜಿಯ ಆಜ್ಞೆ, ಅದಕ್ಕೇ ಬಾಗಿಲಲ್ಲಿ. ಅಜ್ಜಿ ಮುಂದಿನ ಕೋಣೆಯಲ್ಲಿ ನಮಗೆ ಬೆನ್ನು ಮಾಡಿ ಕೂತು ಕಂಡಿಕೆ ಸುತ್ತುತ್ತಿದ್ದಳು. ನಮ್ಮ ಬೀದಿಯಲ್ಲಿ ಗುಟ್ಟಿನ ಮಾತಾಡಲು ಅದಕ್ಕಿಂತ ಒಳ್ಳೆಯ ಜಾಗವಿಲ್ಲ. ಕಿವಿಯಲ್ಲಿ ಪಿಸುಗುಟ್ಟಿದರೆ ಯಾರಾದರೂ ಅನುಮಾನಪಡುತ್ತಾರೆ. ಮಗ್ಗದ ಪಕ್ಕ ನಿಂತು ಗಂಟಲು ಹರಿಯುವ ಹಾಗೆ ಕೂಗಿದರೆ ಎದುರಿಗಿದ್ದವರಿಗೆ ಬಿಟ್ಟು ನರಪಿಳ್ಳೆಗೂ ಕೇಳುವುದಿಲ್ಲ. ಅಲ್ಲೇ ನಿಂತು ಅಕ್ಕನಿಗೆ ಎಲ್ಲ ಹೇಳಿದೆ.

ಅಕ್ಕ ನನ್ನ ತುಟಿಯಿಂದ ಕಣ್ಣು ತೆಗೆಯಲಿಲ್ಲ. ಸಾಸಲಿನ ಚಿಕ್ಕಪ್ಪನ ಸಂಗತಿ ಬಂದಾಗ ಬಾಯಿಗೆ ಸೆರಗು ಹಿಡಿದಳು. "ಅಂದ್ರೆ ನನ್ನಿಂದ ಅಲ್ವಾ?" ಎಂದು ಅವಳ ತುಟಿ ಆಡಿತು.

"ನಿನ್ನಿಂದ ಅಲ್ಲ! ಮಗ್ಗದಿಂದಾನೂ ಅಲ್ಲ!" ನಾನು ಕೂಗಿದೆ. ಖುಷಿಯಲ್ಲಿ ಇನ್ನೂ ಜೋರಾಗಿ, "ಇದೆಲ್ಲಾ ಅಜ್ಜಿಯಿಂದ ಬಂದಿದ್ದು!" ಎಂದೆ.

ಆ ಮಾತಿನ ಮೊದಲ ಅರ್ಧಕ್ಕೆ ಕರೆಂಟು ಹೋಯಿತು. ಮಗ್ಗಗಳೆಲ್ಲ ಒಂದೇ ಸಲಕ್ಕೆ ನಿಂತವು. ಉಳಿದರ್ಧ ಆ ನಿಶ್ಶಬ್ದದಲ್ಲಿ ಇಡೀ ಮನೆ ತುಂಬಿಕೊಂಡಿತು. ಆಳುಗಳು ತಿರುಗಿ ನೋಡಿದರು. ನನ್ನ ಗಡಿಯಾರ ಕೇಳದ ಅಜ್ಜಿಗೂ ಕೇಳಿತು. ರಾಟೆಯ ಮೇಲಿದ್ದ ಅವಳ ಕೈ ನಿಂತಿತು.

ಭೂಮಿ ಬಾಯಿಬಿಟ್ಟಿದ್ದರೆ ಇಳಿದುಹೋಗುತ್ತಿದ್ದೆ. ಮೊದಲು ಮಾತಾಡಿದವಳು ಅಕ್ಕ. ಅಷ್ಟು ವರ್ಷ ಯಾವ ಮಾತಿಗಾಗಿ ಕಾದಿದ್ದಳೋ ಆ ಮಾತು ಸಿಕ್ಕಿ ಅರೆಗಳಿಗೆಯೂ ಆಗಿರಲಿಲ್ಲ. ಮುಂದಿನ ಕೋಣೆಗೆ ಹೋಗಿ, "ಅವಳಿಗೆ ಓದಿ ಓದಿ ತಲೆ ಕೆಟ್ಟಿದೆ ಬಿಡು ಅಜ್ಜಿ. ನಾನು ಮಗ್ಗದ ಮುಂದೆ ನಿಂತಿದ್ದಕ್ಕೇ ಆಗಿದ್ದು. ಗೊತ್ತಿಲ್ವಾ ನಮಗೆ?" ಎಂದಳು.

ನನಗೆ ಸಿಟ್ಟು ನೆತ್ತಿಗೇರಿತು. ಇವಳಿಗೋಸ್ಕರ ಊರೂರು ಅಲೆದು, ಲೆಕ್ಕ ಹಾಕಿ ತಂದರೆ, ಇವಳೇ ಅದನ್ನು ಎತ್ತಿ ಬಿಸಾಡುತ್ತಿದ್ದಾಳೆ! ಬಾಯಿ ತೆರೆದೆ. ಅಷ್ಟರಲ್ಲಿ ಅಜ್ಜಿ ತಿರುಗಿ ಕೂತಳು.

"ಸುಮ್ನಿರೇ" ಎಂದಳು ಅಕ್ಕನಿಗೆ. ಆಮೇಲೆ ನನ್ನನ್ನು ನೋಡಿ, "ಸಾಸಲಿಗೆ ಹೋಗಿ ನಮ್ಮಣ್ಣನ ಮಗನ್ನ ನೋಡಿದ್ಯಾ?" ಎಂದಳು.

"ನೋಡ್ದೆ ಅಜ್ಜಿ."

"ನಮ್ಮ ತಂಗಿ ವಿಷಯ ಹೇಳಿದ್ರಾ?"

"ಹೇಳಿದ್ರು."

ಅಜ್ಜಿ ಸೆರಗಿನಿಂದ ಮುಖ ಒರೆಸಿಕೊಂಡಳು. "ಪುಟ್ಟಿಗೆ ಕೇಳಲ್ಲ ಅಂತ ಡಾಕ್ಟರು ಹೇಳಿದ ದಿನಾನೇ ನನಗೆ ನಮ್ಮ ತಂಗಿ ಮುಖ ಕಣ್ಮುಂದೆ ಬಂತು. ಗೊತ್ತಿತ್ತು ಕಣೇ. ಲೆಕ್ಕ ಪಕ್ಕ ಗೊತ್ತಿಲ್ಲ, ಆದ್ರೆ ನಮ್ಮ ಮನೇದು ಅಂತ ಗೊತ್ತಿತ್ತು. ಯಾರಾದ್ರೂ ಅಂದ್ಬಿಟ್ರೆ ಏನ್ ಮಾಡ್ಲಿ ಅಂತ ನಾನೇ ಮೊದಲು ಇವಳ ಮೇಲೆ ಹಾಕ್ದೆ."

ಅಜ್ಜಿಯ ಪಕ್ಕ ಕೂತಿದ್ದ ಪುಟ್ಟಿ ನಮ್ಮೆಲ್ಲರ ಮುಖ ಮುಖ ನೋಡುತ್ತಾ, ಏನು ಎಂದು ಕೈಯಲ್ಲಿ ಕೇಳಿದಳು. ಅಕ್ಕ ಅವಳನ್ನು ಎತ್ತಿಕೊಂಡಳು.

"ಎರಡು ವರ್ಷ ಅಜ್ಜಿ" ಎಂದಳು. ಅಷ್ಟೇ ಹೇಳಿ ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು. ಆ ಬಾಗಿಲ ಹಿಂದಿನಿಂದ ಅವಳು ಅತ್ತಿದ್ದು ನಮಗೆಲ್ಲ ಕೇಳಿತು. ಅಕ್ಕ ಹಾಗೆ ಅತ್ತಿದ್ದನ್ನು ನಾನು ಅದಕ್ಕೆ ಮೊದಲು ಕೇಳಿರಲಿಲ್ಲ.

ಆ ಸಂಜೆ ಅಕ್ಕ ಅಜ್ಜಿಯೊಡನೆ ಮಾತಾಡಲಿಲ್ಲ. ತಟ್ಟೆಗೆ ಬಡಿಸಿದಳು, ಮುಖ ನೋಡಲಿಲ್ಲ. ಭಾನುವಾರ ಬೆಳಿಗ್ಗೆ ಬೀದಿಯ ನಲ್ಲಿಯಲ್ಲಿ ನೀರು ಬಂತು. ಮೊಣಕಾಲು ನೋವೆಂದು ನಲ್ಲಿಗೆ ಹೋಗುವುದನ್ನು ಈಚೆಗೆ ಬಿಟ್ಟಿದ್ದ ಅಜ್ಜಿ ಬಿಂದಿಗೆ ಎತ್ತಿಕೊಂಡು ಹೋದಳು. ಅಕ್ಕನೂ ನಾನೂ ಜಗಲಿಯಲ್ಲಿ ಕೂತು ಪುಟ್ಟಿಗೆ ಜಡೆ ಹಾಕುತ್ತಿದ್ದೆವು.

ಎದುರು ಮನೆಯಾಕೆ ಎಂದಿನಂತೆ ಶುರುಮಾಡಿದಳು. "ಈ ಸಲನಾದ್ರೂ ಮೊಮ್ಮಗಳು ಮಗ್ಗದಿಂದ ದೂರ ಇದ್ದಾಳಾ?"

"ಅವಳದೇನೂ ತಪ್ಪಿಲ್ಲ ಕಣಮ್ಮಾ" ಎಂದಳು ಅಜ್ಜಿ. ಮಂದಗಿವಿಯವರು ಮಾತಾಡುವ ಹಾಗೆ, ಬೀದಿಗೆಲ್ಲ ಕೇಳುವ ಹಾಗೆ. "ನಮ್ಮ ತವರಲ್ಲಿತ್ತು ಅದು. ನನ್ನಿಂದ ಬಂದಿದ್ದು. ಸುಮ್ನೆ ಆ ಮಗೀನ ಬೈದ್ಬಿಟ್ಟೆ."

ಅವಳು ಬಿಂದಿಗೆ ತುಂಬಿದ ಮೇಲೂ ಮನೆಗೆ ಬರಲಿಲ್ಲ. ನೀರಿಗೆ ಹೊಸದಾಗಿ ಬಂದವರಿಗೆಲ್ಲ ಅದನ್ನೇ ಮೊದಲಿಂದ ಹೇಳಿದಳು. ಕೇಳದವರನ್ನು ಕರೆದು ಹೇಳಿದಳು. ಕೆಲವರು ಅಯ್ಯೋ ಪಾಪ ಎಂದರು, ಒಬ್ಬಳು ಮುಸಿಮುಸಿ ನಕ್ಕಳು. ಮತ್ತೊಬ್ಬಳು ಬಂದಳು, ಅವಳಿಗೂ ಅಜ್ಜಿ ಶುರುಮಾಡಿದಳು.

ಅಕ್ಕ ಜಡೆಯನ್ನು ಅರ್ಧಕ್ಕೇ ನನ್ನ ಕೈಗೆ ಕೊಟ್ಟು ಎದ್ದಳು. ತುಂಬಿದ ಹೊಟ್ಟೆ ಹಿಡಿದುಕೊಂಡು ಬೀದಿ ದಾಟಿ ಹೋಗಿ ಅಜ್ಜಿಯ ತೋಳು ಹಿಡಿದಳು.

"ಸಾಕು, ಮನೆಗೆ ಬಾ ಅಜ್ಜಿ" ಎಂದಳು. "ಎಲ್ಲರಿಗೂ ಕೇಳಿಸ್ತು."